ಕಾರಿಗೆ ನಾರು ಉಜ್ಜಿದ ಪ್ರಾಯಶ್ಚಿತ್ತ

ನಗಬೇಡಿ ಸೋದರಿಯರೇ, ಕಾರಿನ ಪಾಲಿಷ್ ಯಂತ್ರದ ಈ ಕಥೆ ಶುರುವಾದದ್ದು ಅಡುಗೆಮನೆಯಿಂದಲೇ. ಪಾತ್ರೆ ಉಜ್ಜುವ ಹಸಿರು ನಾರು ಇದೆಯಲ್ಲ, ತಳ ಹತ್ತಿದ ಹಾಲಿನ ಪಾತ್ರೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದನ್ನೇ ತೆಗೆದುಕೊಂಡು ಹೋಗಿ, ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ, ನಾನು ಕಾರಿನ ಬಾನೆಟ್ ಉಜ್ಜಿಬಿಟ್ಟೆ!

ಯಾಕೆ ಅಂತೀರಾ? ನಮ್ಮದು ತಿಪಟೂರು. ಮನೆಯೆದುರಿಗೆ ಒಂದು ಬಾದಾಮಿ ಮರವಿದೆ. ಹಣ್ಣಾಗುವ ಕಾಲಕ್ಕೆ ರಾತ್ರಿಯೆಲ್ಲ ಬಾವಲಿಗಳ ಜಾತ್ರೆ. ಬೆಳಗ್ಗೆ ಎದ್ದು ನೋಡಿದರೆ ಬಾನೆಟ್ಟಿನ ಮೇಲೆ ಅವುಗಳ ಹಿಕ್ಕೆ, ಒಣಗಿ ಗೋಂದಿನ ಹಾಗೆ ಹಿಡಿದಿತ್ತು. ಬಟ್ಟೆಗೆ ಬರಲಿಲ್ಲ, ನಾರಿಗೆ ಬಂತು. ತೊಳೆದು ಒರೆಸಿ ನೋಡುತ್ತೇನೆ, ಹಿಕ್ಕೆ ಹೋಗಿದೆ. ಅದರ ಜಾಗದಲ್ಲಿ ಊಟದ ತಟ್ಟೆಯಷ್ಟಗಲ ಬಿಳಿಬಿಳಿ ಗೆರೆಗಳು, ಬೆಕ್ಕು ಪರಚಿದ ಹಾಗೆ.

ಬೇರೆ ಕಾರಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದು ನಮ್ಮ ತಂದೆಯವರದು. ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ, ಮನೆಯ ಸಾಲ ತೀರಿಸಿ ಉಳಿದ ಹಣದಲ್ಲಿ 2013ರಲ್ಲಿ ಕೊಂಡದ್ದು. ಗಾಢ ನೀಲಿ ಬಣ್ಣದ ಪುಟ್ಟ ಕಾರು. ದಿನಾ ಬೆಳಗ್ಗೆ ಕಾಫಿ ಕುಡಿದು, ಹಳೇ ಪಂಚೆಯ ತುಂಡು ಹಿಡಿದು ಅದನ್ನು ಒರೆಸದೆ ಸ್ನಾನಕ್ಕೆ ಹೋದವರಲ್ಲ. 2022ರಲ್ಲಿ ಅವರು ತೀರಿಕೊಂಡ ಮೇಲೆ ಅಮ್ಮ ಬೀಗದ ಕೈಯನ್ನು ನನ್ನ ಕೈಗಿಟ್ಟು, "ನಿಮ್ಮಪ್ಪನ ಕಾರು, ಚೆನ್ನಾಗಿ ನೋಡಿಕೋ" ಅಂದಿದ್ದರು. ನಾನು ನೋಡಿಕೊಂಡದ್ದು ಹೀಗೆ! ಅದೂ ಜ್ಯೇಷ್ಠ ಮಾಸದಲ್ಲಿ ಅಮ್ಮ ನಮ್ಮ ಮನೆಗೆ ಬರುವವರಿದ್ದಾಗ.

ನಮ್ಮವರು ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು.

ಊರಿನಲ್ಲಿ ಹಳಬರೊಬ್ಬ ಪೇಂಟರ್ ಇದ್ದಾರೆ. ಅವರಿಗೆ ತೋರಿಸಿದೆ. ಅವರು ಉಗುರಿನಿಂದ ಗೆರೆಗಳ ಮೇಲೆ ಅಡ್ಡಡ್ಡ ಎಳೆದು ನೋಡಿ, "ಉಗುರು ಸಿಕ್ಕಿಕೊಳ್ತಾ ಇಲ್ಲ ಅಮ್ಮಾ, ಮೇಲಿನ ಪದರದಲ್ಲೇ ಇದೆ. ಪಾಲಿಷ್‌ನಲ್ಲಿ ಹೋಗುತ್ತೆ. ಉಗುರು ಸಿಕ್ಕೋ ಅಂಥ ಗೀರಾದರೆ ಪಾಲಿಷ್‌ಗೆ ಬಗ್ಗೋದಿಲ್ಲ" ಅಂದರು. ಈ ಉಗುರಿನ ಪರೀಕ್ಷೆ ನೆನಪಿಟ್ಟುಕೊಳ್ಳಿ, ಕಾಸು ಖರ್ಚಿಲ್ಲದ್ದು. ಅವರೇ ಇನ್ನೊಂದು ಮಾತು ಹೇಳಿದರು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಒಂದು ಪಾರದರ್ಶಕ ಪದರ ಇರುತ್ತದಂತೆ. ಹೊಳಪೆಲ್ಲ ಅದರದೇ. ಅದರ ದಪ್ಪ ಸಾಧಾರಣವಾಗಿ 40-50 ಮೈಕ್ರಾನ್. ಅಂದರೆ ಅಂಥ ಇಪ್ಪತ್ತು ಪದರ ಒಂದರ ಮೇಲೊಂದಿಟ್ಟರೆ ಒಂದು ಮಿಲಿಮೀಟರ್! ಪಾಲಿಷ್ ಮಾಡುವುದೆಂದರೆ ಗೆರೆಯನ್ನು ತುಂಬಿಸುವುದಲ್ಲ, ಗೆರೆಯ ಸುತ್ತಲಿನ ಪದರವನ್ನು ಗೆರೆಯ ತಳದವರೆಗೆ ಸವೆಸುವುದು. ಹಾಲಿನ ಮೇಲಿನ ಕೆನೆಯ ಹಾಗೆ ಅನ್ನಿ. ಹಾಲಾದರೆ ಮತ್ತೆ ಕೆನೆ ಕಟ್ಟುತ್ತದೆ, ಇದು ಕಟ್ಟುವುದಿಲ್ಲ.

ಇಷ್ಟು ಕೇಳಿಯೂ ನಾನು ಎರಡನೇ ತಪ್ಪು ಮಾಡಿದೆ. ಬಂಧುಗಳ ಅಂಗಡಿಯಿಂದ ಕಬ್ಬಿಣ ಕೊಯ್ಯುವ ಕೈ ಗ್ರೈಂಡರ್ ಎರವಲು ತಂದೆ. ಅದಕ್ಕೆ ಉಣ್ಣೆಯ ಪ್ಯಾಡೊಂದನ್ನು ಸಿಕ್ಕಿಸಿದರೆ ಪಾಲಿಷ್ ಯಂತ್ರವೇ ಆಯಿತಲ್ಲ ಎಂಬ ಜಾಣತನ. ಬಾನೆಟ್ಟಿಗೆ ಮುಟ್ಟಿಸುವ ಮುಂಚೆ ಕಾಣದ ಜಾಗದಲ್ಲಿ ನೋಡೋಣವೆಂದು ಬಾಗಿಲಿನ ಕೆಳ ಅಂಚಿಗೆ ಹಿಡಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟ ವಾಸನೆ! ಹಳೇ ನಾಲ್ಕಾಣೆ ಬಿಲ್ಲೆಯಷ್ಟು ಜಾಗದಲ್ಲಿ ಬಣ್ಣ ಹೋಗಿ ಕೆಳಗಿನ ಪ್ರೈಮರ್ ಕಂಡಿತು. ನಾಲ್ಕಂಗುಲದ ಕೈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ; ಪಾಲಿಷ್‌ಗೆ ಬೇಕಾದದ್ದು ಅದರ ಕಾಲುಭಾಗವೂ ಅಲ್ಲ. ಎರವಲು ಕೊಟ್ಟವರ ತಪ್ಪೇನೂ ಇಲ್ಲ, ಗ್ರೈಂಡರಿನದೂ ಇಲ್ಲ. ಆ ಮಚ್ಚೆ ಈಗಲೂ ಹಾಗೇ ಇದೆ, ನನಗೆ ಬುದ್ಧಿ ಹೇಳಿಕೊಂಡು.

ಆಮೇಲೆ ಹಟ ಬಂತು. ಹಪ್ಪಳ ಸಂಡಿಗೆ ಮಾರಿ ಕೂಡಿಟ್ಟಿದ್ದ ದುಡ್ಡು ತೆಗೆದುಕೊಂಡು, ನಮ್ಮವರ ಜೊತೆ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಾನಿನ ಅಂಗಡಿಗಳು ಸಾಲಾಗಿವೆ. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಒಂದೊಂದನ್ನೂ ತೆಗೆಸಿ ನೋಡಿದೆ. ಅಂಗಡಿಯವರು ಬೇಸರಪಡದೆ ತೋರಿಸಿದರು. ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಮನೆಮಂದಿಗೆ ಸಿಗುವ ಯಂತ್ರಗಳು ಮೂರು ಜಾತಿ. ಮೊದಲನೆಯದು ಅಗ್ಗದ ವ್ಯಾಕ್ಸ್ ಯಂತ್ರ. ದೊಡ್ಡ ತಟ್ಟೆಗೆ ಬಟ್ಟೆಯ ಟೋಪಿ ಹಾಕಿದ ಹಾಗಿರುತ್ತದೆ. ಅದು ವ್ಯಾಕ್ಸನ್ನು ಹರಡೀತು, ಒರೆಸೀತು, ಅಷ್ಟೇ. ಗೆರೆ ತೆಗೆಯುವ ಶಕ್ತಿ ಅದಕ್ಕಿಲ್ಲ. ಬೆಲೆ ನೋಡಿ ಮರುಳಾಗಬೇಡಿ.

ಎರಡನೆಯದು ರೋಟರಿ. ನಮ್ಮ ಬೀಸುವ ಕಲ್ಲಿನ ಹಾಗೆ, ಒಂದೇ ಗೂಟದ ಸುತ್ತ ತಿರುಗುವುದು. ನುರಿತ ಪೇಂಟರುಗಳ ಕೈಯಲ್ಲಿ ಇದು ಬಹಳ ಬೇಗ ಕೆಲಸ ಮಾಡುತ್ತದೆ. ಆದರೆ ಒಂದೇ ಕಡೆ ನಿಂತರೆ ಬಿಸಿಯೇರುತ್ತದೆ, ಅಂಚಿನಲ್ಲಿ ಬಣ್ಣ ತಿನ್ನುತ್ತದೆ, ಹೊಸಬರ ಕೈಯಲ್ಲಿ ಬಿಸಿಲಿಗೆ ಮಿನುಗುವ ಸುರುಳಿ ಸುರುಳಿ ಗುರುತು ಬಿಡುತ್ತದೆ. ಒತ್ತಿದಷ್ಟೂ ಅದು ಕಡಿಯುತ್ತಲೇ ಹೋಗುತ್ತದೆ, ಸಾಕು ಎನ್ನುವುದು ಅದಕ್ಕೆ ತಿಳಿಯದು.

ಮೂರನೆಯದು ಡ್ಯುಯಲ್ ಆಕ್ಷನ್. ಅಂಗಡಿಯಲ್ಲಿ 'ಡಿ.ಎ.' ಅಂದರೆ ಸಾಕು. ಬುಗುರಿ ನೋಡಿದ್ದೀರಲ್ಲ? ತನ್ನಷ್ಟಕ್ಕೆ ತಾನು ತಿರುಗುತ್ತ, ನಿಂತ ಜಾಗದಲ್ಲಿ ಸಣ್ಣ ಸುತ್ತೂ ಹಾಕುತ್ತದಲ್ಲ, ಹಾಗೆ ಎರಡು ಚಲನೆ ಇದಕ್ಕೆ. ಹಾಗಾಗಿ ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ನೀವು ಅತಿಯಾಗಿ ಒತ್ತಿದರೆ ಪ್ಯಾಡು ತಿರುಗುವುದನ್ನೇ ನಿಲ್ಲಿಸಿ ಬರೀ ನಡುಗುತ್ತದೆ. "ಸಾಕು ತಾಯೀ" ಎಂದು ಅದೇ ಹೇಳುತ್ತದೆ! ನನ್ನಂಥ ಆತುರಗೇಡಿಗೆ ಬೇಕಾದದ್ದು ಇದೇ ಅಂತ ಅಲ್ಲೇ ತೀರ್ಮಾನಿಸಿದೆ. ಇದರಲ್ಲೇ ಗೇರ್ ಇಟ್ಟು, ಎಷ್ಟು ಒತ್ತಿದರೂ ತಿರುಗುವಂತೆ ಮಾಡಿದ ಬಲವಾದ ಬಗೆಯೂ ಉಂಟು. ಕೈ ಪಳಗುವ ತನಕ ಅದು ಬೇಡ.

ಡಿ.ಎ.ಯಲ್ಲೂ ಪ್ಯಾಡು ಸುತ್ತು ಹಾಕುವ ಅಗಲ 8, 15, 21 ಮಿಲಿಮೀಟರ್ ಎಂದು ಬೇರೆಬೇರೆ. 21ರದು ದೊಡ್ಡ ಗಾಡಿಗಳ ಚಪ್ಪಟೆ ಜಾಗಕ್ಕೆ ಸರಿ, ತಿರುವುಗಳಲ್ಲಿ ತಡವರಿಸುತ್ತದೆ. 8ರದು ಮೆತ್ತಗೆ ನಡೆಯುತ್ತದೆ, ಆದರೆ ಕೆಲಸ ನಿಧಾನ. ನಾನು ನಡುವಿನ 15ನ್ನು ಆರಿಸಿದೆ, 5 ಅಂಗುಲದ ತಟ್ಟೆಯದು. ಬೆಲೆ ಆರೂವರೆ ಸಾವಿರವಾಯಿತು, ಒಂದು ಒಳ್ಳೇ ಮಿಕ್ಸಿಯ ಹಾಗೆ.

ಕೊಳ್ಳುವಾಗ ಇಷ್ಟು ನೋಡಿ. ಯಂತ್ರವನ್ನು ಎರಡು ಕೈಯಲ್ಲಿ ಹಿಡಿದು, ಅಂಗಡಿಯಲ್ಲೇ ಐದು ನಿಮಿಷ ಚಾಲು ಮಾಡಿಸಿ. ಎರಡು-ಎರಡೂವರೆ ಕಿಲೋ ತೂಕ ಮೊದಲು ಹಗುರವೆನಿಸಿದರೂ ಅರ್ಧ ಗಂಟೆಯಲ್ಲಿ ರಟ್ಟೆ ಹೇಳುತ್ತದೆ. ವೇಗ ಬದಲಿಸುವ ತಿರುಗಣೆ 1ರಿಂದ 6ರವರೆಗೆ ಇರಲಿ. ಗುಂಡಿ ಒತ್ತಿದ ಕೂಡಲೇ ಎಗರದೆ ಮೆಲ್ಲಗೆ ಶುರುವಾಗಬೇಕು. ಕಾರ್ಬನ್ ಬ್ರಷ್, ತಟ್ಟೆ ಮುಂದೆ ಸಿಗುತ್ತವೆಯೇ ಎಂದು ಕೇಳಿ. ವ್ಯಾಟ್ ಹೆಚ್ಚಿದ್ದ ಮಾತ್ರಕ್ಕೆ ಯಂತ್ರ ಒಳ್ಳೆಯದೆಂದಲ್ಲ. ಇದ್ದಬದ್ದ ದುಡ್ಡೆಲ್ಲ ಯಂತ್ರಕ್ಕೇ ಸುರಿಯಬೇಡಿ. ಮೆತ್ತನೆಯ ಸ್ಪಂಜಿನ ಪ್ಯಾಡು ಎರಡು, ಅದಕ್ಕಿಂತ ಸ್ವಲ್ಪ ಗಟ್ಟಿಯವು ಎರಡು, ಪಾಲಿಷ್ ಒಂದು ಸೀಸೆ, ಮೈಕ್ರೋಫೈಬರ್ ಬಟ್ಟೆ ಆರು ಬೇಕೇ ಬೇಕು. ಮನೆಯ ಸಣ್ಣ ಇನ್ವರ್ಟರ್ ಮೇಲೆ ಇದನ್ನು ಓಡಿಸುವ ಸಾಹಸ ಬೇಡ. ಕರೆಂಟ್ ಇದ್ದಾಗಲೇ, ಅರ್ಥಿಂಗ್ ಇರುವ ಪ್ಲಗ್ಗಿನಿಂದ, ದಪ್ಪ ವೈರಿನಲ್ಲಿ ಓಡಿಸಿ.

ಇನ್ನು ಕೆಲಸದ ಮಾತು. ಬಳೆ, ಉಂಗುರ ತೆಗೆದಿಡಿ. ಜಡೆಯನ್ನು ತುರುಬು ಕಟ್ಟಿ. ಸೆರಗಿನ ರಗಳೆಯೇ ಬೇಡ, ಚೂಡಿದಾರ ಹಾಕಿ ದುಪಟ್ಟಾ ಒಳಗಿಡಿ. ವೈರು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಹೋಗಲಿ. ಕಾರು ನೆರಳಲ್ಲಿರಲಿ, ತಗಡು ತಣ್ಣಗಿರಲಿ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ಚೆನ್ನಾಗಿ ತೊಳೆಯಿರಿ. ಅಂಚುಗಳಿಗೂ ಕಪ್ಪು ಪ್ಲಾಸ್ಟಿಕ್ಕಿಗೂ ಮಾಸ್ಕಿಂಗ್ ಟೇಪು ಹಚ್ಚಿ. ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ಪಾಲಿಷ್ ನಾಲ್ಕು ಚುಕ್ಕೆ ಸಾಕು. ಪ್ಯಾಡನ್ನು ತಗಡಿಗೆ ತಾಗಿಸಿಯೇ ಗುಂಡಿ ಒತ್ತಿ, ಇಲ್ಲದಿದ್ದರೆ ಪಾಲಿಷ್ ಗೋಡೆಗೆ! ಒಂದೂವರೆ ಅಡಿ ಚೌಕದಷ್ಟು ಜಾಗ ಮಾತ್ರ ತೆಗೆದುಕೊಂಡು, 1ರಲ್ಲಿ ಹರಡಿ, 4ಕ್ಕೋ 5ಕ್ಕೋ ಏರಿಸಿ, ಸೆಕೆಂಡಿಗೆ ಒಂದಂಗುಲದಂತೆ ನಿಧಾನವಾಗಿ ಸರಿಸಿ. ತಟ್ಟೆಯ ಪಕ್ಕಕ್ಕೆ ಒಂದು ಗೆರೆ ಬರೆದಿಟ್ಟುಕೊಂಡರೆ ಪ್ಯಾಡು ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ. ಮೊದಲು ಮೆತ್ತನೆ ಪ್ಯಾಡಿನಲ್ಲೇ ನೋಡಿ, ಆಗದಿದ್ದರೆ ಮಾತ್ರ ಗಟ್ಟಿಯದು. ನಾಲ್ಕೈದು ಸಲ ಹೋಗಿಬಂದ ಮೇಲೆ ಒರೆಸಿ ನೋಡಿ. ಪ್ಯಾಡಿಗೆ ಕಾರಿನ ಬಣ್ಣವೇ ಮೆತ್ತಿಕೊಂಡರೆ ತಕ್ಷಣ ನಿಲ್ಲಿಸಿ. ಒಂದೋ ಆ ಕಾರಿಗೆ ಪಾರದರ್ಶಕ ಪದರವೇ ಇಲ್ಲ, ಅಥವಾ ನೀವು ಅದನ್ನು ದಾಟಿಹೋಗಿದ್ದೀರಿ. ಪಾಲಿಷ್ ಮುಗಿದ ಮೇಲೆ ರಕ್ಷಣೆಗೆ ಒಂದು ಕೋಟು ವ್ಯಾಕ್ಸ್ ಹಚ್ಚಲೇಬೇಕು.

ಬಾನೆಟ್ ಮುಗಿಸಲು ನನಗೆ ಎರಡು ಬೆಳಗ್ಗೆ ಹಿಡಿಯಿತು. ನಾರಿನ ಗೆರೆಗಳಲ್ಲಿ ಮುಕ್ಕಾಲು ಪಾಲು ಹೋದವು. ಉಳಿದವು ಹುಡುಕಿದರೆ ಕಾಣುತ್ತವೆ. ಹುಡುಕುವುದನ್ನು ಬಿಟ್ಟಿದ್ದೇನೆ.

ಆದರೆ ಬಾನೆಟ್ ಕನ್ನಡಿಯಂತಾದ ಮೇಲೆ ಉಳಿದ ಕಾರು ಕಣ್ಣಿಗೆ ಬಿತ್ತು. ಸಂಜೆ ಟಾರ್ಚ್ ಬಿಟ್ಟು ನೋಡಿದರೆ ಬಾಗಿಲು, ಮಾಡು, ಎಲ್ಲ ಕಡೆ ಜೇಡರ ಬಲೆಯಂಥ ಸಣ್ಣಸಣ್ಣ ಗೆರೆಗಳು. ಪೇಂಟರನ್ನು ಕೇಳಿದೆ. "ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಹೀಗಾಗುತ್ತೆ ಅಮ್ಮಾ, ದಿನಾ ಒರೆಸಿದ್ದಾರೆ ಯಾರೋ" ಅಂದರು.

ಯಾರೋ ಅಲ್ಲ, ನಮ್ಮಪ್ಪ. ಒಂಬತ್ತು ವರ್ಷದ ಬೆಳಗುಗಳು, ಆ ಪಂಚೆಯ ತುಂಡು. ಅಕ್ಕರೆಯಿಂದ ಒರೆಸಿದರೂ ಧೂಳು ಗೀರುವುದನ್ನು ಬಿಡುವುದಿಲ್ಲ. ನಾರು ಹಿಡಿದ ನಾನೊಬ್ಬಳೇ ಪಾಪಿ ಎಂದುಕೊಂಡಿದ್ದೆ.

ಯಂತ್ರ ಕೈಯಲ್ಲೇ ಇತ್ತು, ಪಾಲಿಷ್ ಉಳಿದಿತ್ತು. ಇನ್ನೆರಡು ದಿನ ಕೂತಿದ್ದರೆ ಆ ಬಲೆಯೂ ಹೋಗುತ್ತಿತ್ತು. ತಟ್ಟೆಗೆ ಪ್ಯಾಡು ಅಂಟಿಸಿ, ಮತ್ತೆ ಬಿಚ್ಚಿಟ್ಟೆ. ಇರುವ ತೆಳು ಪದರವನ್ನು ಸುಮ್ಮನೆ ಯಾಕೆ ಸವೆಸಬೇಕು ಎಂದು ನಮ್ಮವರಿಗೆ ಹೇಳಿದೆ. ಅದೂ ನಿಜವೇ. ಇನ್ನೊಂದು ಕಾರಣವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಜ್ಯೇಷ್ಠದಲ್ಲಿ ಅಮ್ಮ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, "ಮುಂದುಗಡೆ ಮಾತ್ರ ಹೊಸದರ ಹಾಗಿದೆಯಲ್ಲೇ?" ಅಂದರು. ಎಲ್ಲ ಹೇಳಿಬಿಟ್ಟೆ, ಬಾಗಿಲಿನಡಿಯ ಸುಟ್ಟ ಮಚ್ಚೆಯನ್ನೂ ತೋರಿಸಿದೆ. ಅವರು ಏನೂ ಅನ್ನಲಿಲ್ಲ. ಹಿಂದಿನ ಬಾಗಿಲ ಮೇಲೆ, ಅಪ್ಪ ಕಾಂಪೌಂಡಿನ ಗೇಟಿಗೆ ತಾಗಿಸಿದ ಉದ್ದನೆಯ ಗೀರೊಂದಿದೆ, ಉಗುರು ಸಿಕ್ಕಿಕೊಳ್ಳುವಂಥದ್ದು. ಅದರ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ, "ಬಾದಾಮಿ ಮರದ ಕೆಳಗೆ ಯಾಕೆ ನಿಲ್ಲಿಸ್ತೀಯೇ? ಆ ಕಡೆ ನಿಲ್ಲಿಸಬಾರದಾ?" ಅಂದರು.

ನೋಡಿ, ಆರೂವರೆ ಸಾವಿರಕ್ಕೂ ಹೊಳೆಯದ ಬುದ್ಧಿ!

ಈಗ ಕಾರು ಆ ಕಡೆ ನಿಲ್ಲುತ್ತದೆ. ಒಣ ಬಟ್ಟೆ ಮುಟ್ಟಿಸುವುದಿಲ್ಲ. ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ನೆನೆಯಲು ಬಿಟ್ಟು, ಮೆಲ್ಲಗೆ ಎತ್ತುತ್ತೇನೆ. ಯಂತ್ರ ಅಟ್ಟದ ಮೇಲಿದೆ. ಅಕ್ಕಪಕ್ಕದವರು ಕೇಳಿದರೆ ಕೊಡುತ್ತೇನೆ, ಜೊತೆಗೆ ನಾನೂ ಹೋಗಿ ನಿಲ್ಲುತ್ತೇನೆ. ನೀವೂ ಕೊಳ್ಳುವುದಾದರೆ, ಒತ್ತಿದಾಗ ನಿಲ್ಲುವ ಯಂತ್ರವನ್ನೇ ಕೊಳ್ಳಿ. ಹಸಿರು ನಾರನ್ನು ಮಾತ್ರ ದಯವಿಟ್ಟು ಅಡುಗೆಮನೆಯ ಹೊಸಿಲು ದಾಟಿಸಬೇಡಿ.