ಮಲ್ಲಿಗೆಯ ಬುಟ್ಟಿ

ಗಣಕಯಂತ್ರದ ಆಟಗಳಲ್ಲಿ ನಮಗೆ ಆದರವಿರಲಿಲ್ಲ. ಆದರೆ 2016ರಲ್ಲಿ ಒಂದು ಭಾಗ ಕುಸಿದುಬಿದ್ದ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಮೊಮ್ಮಗನು ‘ಅನ್‌ರಿಯಲ್’ ಎಂಬ ಸಾಧನದಲ್ಲಿ ಆಟದ ರಂಗಸ್ಥಳವಾಗಿ ಕಟ್ಟುತ್ತಿರುವನೆಂದು ತಿಳಿದು, ಅವನ ಬಳಿ ಕುಳಿತೆವು. ಹೂವಿನ ಸಾಲಿಗೆ ಬಂದೊಡನೆ ದೃಶ್ಯವು ತಡೆತಡೆದು ಚಲಿಸುತ್ತಿದ್ದಿತು. ಕಾರಣವು ಅವನಿಗೆ ಹೊಳೆದಿರಲಿಲ್ಲ.

ಒಂದೇ ದೃಶ್ಯಕ್ಕೆ ಅಲ್ಲಿ ಹಲವು ನೋಟಗಳುಂಟು. ‘ಲಿಟ್’ ನೋಟದಲ್ಲಿ ಬಿಸಿಲು ನೆರಳುಗಳೆಲ್ಲವೂ ಕಾಣುವುವು, ‘ಅನ್‌ಲಿಟ್’ನಲ್ಲಿ ಬೆಳಕು ಕಳೆದು ಬಣ್ಣವಷ್ಟೇ ಉಳಿಯುವುದು, ‘ವೈರ್‌ಫ್ರೇಮ್’ನಲ್ಲಿ ಬಣ್ಣವೂ ಅಳಿದು ಆಕಾರದ ಗೆರೆಗಳು ಮಾತ್ರ. ಬಾಳೆಲ್ಲ ಶ್ಲೋಕಗಳಿಗೆ ಪದಚ್ಛೇದ ಮಾಡಿಸಿದ ನಮಗೆ ಈ ಮೂರನೆಯದೇ ಹಿಡಿಸಿತು. ಆಲ್ಟ್ ಕೀಲಿಯನ್ನೂ 2ನ್ನೂ ಕೂಡಿ ಒತ್ತಿದನು. ಹೆಬ್ಬಾಗಿಲಿಗೆ ವಿರಳವಾದ ಗೆರೆಗಳು. ಅದರ ಮುಂದಿನ ಪುಟ್ಟ ಬುಟ್ಟಿಯಾದರೋ ಗೆರೆಗಳ ಮುದ್ದೆಯೇ ಆಗಿದ್ದಿತು! ಗೆರೆ ಹೆಚ್ಚಿದಷ್ಟೂ ಯಂತ್ರಕ್ಕೆ ಹೊರೆಯಂತೆ.

“ಇದರಲ್ಲೇನಿಟ್ಟಿದ್ದೀಯಪ್ಪ?” ಎಂದೆವು.

“ಮಲ್ಲಿಗೆ, ತಾತ. ಎಸಳೆಸಳಾಗಿ ಮಾಡಿದೆ. ಅಜ್ಜಿ ಅಲ್ಲೇ ತಾನೆ ಕೊಳ್ಳುತ್ತಿದ್ದದ್ದು?”

ಆಕೆ ತೀರಿಕೊಂಡು ಮೂರು ವರ್ಷವಾಗಿದ್ದಿತು. ನಾವು ಕೆಲಹೊತ್ತು ಮಾತನಾಡಲಾರದೆ ಹೋದೆವು.

ಅಂತಹ ಬುಟ್ಟಿಗಳು ಅರುವತ್ತಿದ್ದುವು. ಐವತ್ತೊಂಬತ್ತಕ್ಕೆ ಎಸಳುಗಳನ್ನು ತೆಗೆದು ಹೂವಿನ ಚಿತ್ರವನ್ನಷ್ಟೇ ಹೊದಿಸಿದನು. ಒಂದನ್ನು ಮುಟ್ಟಬೇಡವೆಂದೆವು.