ಹೊಳೆಯಲ್ಲಿ ನಿಂತ ತೊಟ್ಟಿಲು

2023ರ ಜನವರಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿದ್ದು ಬಾಡಿಗೆ ಮನೆಯ ಬೋಳು ಗೋಡೆಗೆ ಒಂದು ಚಿತ್ರ ತರೋಣ ಅಂತ. ಬಜೆಟ್ಟು ಎರಡೇ ಸಾವಿರ. ಒಂದು ತೈಲಚಿತ್ರದ ಮುಂದೆ ಕಾಲು ನಿಂತುಬಿಟ್ಟಿತು. ಅರ್ಧಕ್ಕೆ ಮುಳುಗಿದ ಜಾತ್ರೆ ತೊಟ್ಟಿಲು, ನಾವು ಜಾಯಿಂಟ್ ವೀಲ್ ಅಂತೀವಲ್ಲ, ಅದೇ. ಸುತ್ತ ಹಸಿರು ನೀರು, ಒಂದಲೆಯೂ ಇಲ್ಲ. ಮೇಲಿನ ತೊಟ್ಟಿಲೊಂದು ಮಾತ್ರ ವಾಲಿದೆ, ಈಗಷ್ಟೇ ಯಾರೋ ಇಳಿದುಹೋದ ಹಾಗೆ. ನನ್ನನ್ನು ಹೆದರಿಸಿದ್ದು ಅದು.

ಜೊತೆಗಿದ್ದ ಗೆಳತಿಗೆ ಅಮೆರಿಕದ ಸ್ಟಾರ್ ಜೆಟ್ ನೆನಪಾಯಿತು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ಆ ರೋಲರ್ ಕೋಸ್ಟರನ್ನು ಸಮುದ್ರಕ್ಕೆ ಕೆಡವಿತ್ತು. ಮರುವರ್ಷ ಮೇ ತಿಂಗಳವರೆಗೂ ಅದು ಅಲೆಗಳ ನಡುವೆಯೇ ನಿಂತಿತ್ತು.

ನನಗೆ ನೆನಪಾದದ್ದು ಅಗರ.

ಯಳಂದೂರು ತಾಲೂಕಿನ ಅಗರ ನಮ್ಮಮ್ಮನ ತವರು. ಪಕ್ಕದ ಮಾಂಬಳ್ಳಿ ಸೇರಿಸಿ ಅಗರ-ಮಾಂಬಳ್ಳಿ ಅಂತಲೇ ಎಲ್ಲರೂ ಕರೆಯೋದು. ಅಲ್ಲಿ ದೂರದ ಮಾವನೊಬ್ಬರ ಹತ್ತಿರ ಕೈಯಲ್ಲಿ ತಿರುಗಿಸುವ ನಾಲ್ಕು ತೊಟ್ಟಿಲ ಚಕ್ರವಿತ್ತು. ಚಿಕ್ಕಲ್ಲೂರು ಜಾತ್ರೆಯಲ್ಲಿ ನಮ್ಮನ್ನು ದುಡ್ಡಿಲ್ಲದೆ ಕೂರಿಸೋರು. ಕೊರೊನಾ ಬಂದು ಜಾತ್ರೆಗಳು ನಿಂತಾಗ ಚಕ್ರವನ್ನು ಹೊಳೆಯಂಚಿನ ಗದ್ದೆ ಬದುವಿನಲ್ಲಿ ಬಿಟ್ಟರು. 2022ರ ಮಳೆಗಾಲದಲ್ಲಿ ಸುವರ್ಣಾವತಿ ಜಲಾಶಯ ತುಂಬಿ, ಹೆಚ್ಚಿನ ನೀರು ಹೊಳೆಗೆ ಬಂತು. ಗದ್ದೆ ಮುಳುಗಿತು, ಚಕ್ರವೂ. ಯಾರೋ ಕಳಿಸಿದ ಆ ವಿಡಿಯೊವನ್ನು ನಾನು ಸ್ಟೇಟಸ್‌ಗೆ ಹಾಕಿದ್ದೆ. ಮಾವನಿಗೆ ಒಂದು ಫೋನ್ ಮಾಡಿರಲಿಲ್ಲ.

ಮುಂದಿನ ಶನಿವಾರ ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಊರಿಗೆ ಹೋದೆ. ಹೊಳೆ ಸಾಧುವಾಗಿ ಹರಿಯುತ್ತಿತ್ತು. ಮೊಬೈಲಲ್ಲಿದ್ದ ಚಿತ್ರವನ್ನು ಮಾವನಿಗೆ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು.

"ನೀರು ಇಷ್ಟ್ ತಿಳಿಯಾಗಿರ್ನಿಲ್ಲ ಕಣಪ್ಪ. ಕೆಮ್ಮಣ್ಣು ನೀರು. ಸದ್ದೇ ಸದ್ದು, ಮೂರು ರಾತ್ರಿ ನಿದ್ದೆ ಬರ್ನಿಲ್ಲ." ಆಮೇಲೆ, "ಎಷ್ಟಂತೆ ಇದು?"

"ನಲವತ್ತು ಸಾವಿರ."

ನಕ್ಕರು. "ನನ್ ಚಕ್ರ ಗುಜರಿಗೆ ಹಾಕ್ದಾಗ ಇದರ ಕಾಲುಭಾಗನೂ ಹುಟ್ನಿಲ್ಲ."

ಫೋನ್ ಮಾಡದೇ ಇದ್ದದ್ದಕ್ಕೆ ತಪ್ಪಾಯ್ತು ಅಂದೆ. "ಬುಡು, ಫೋನೂ ನೀರಲ್ಲೇ ಹೋಗಿತ್ತು" ಅಂದರು. ನಿಜವೋ, ನನ್ನ ಸಮಾಧಾನಕ್ಕೋ, ತಿಳಿಯಲಿಲ್ಲ.

ನಾಲ್ಕರಲ್ಲಿ ಒಂದು ತೊಟ್ಟಿಲನ್ನು ಗುಜರಿಗೆ ಕೊಡದೆ ಉಳಿಸಿಕೊಂಡಿದ್ದಾರೆ. ಹಿತ್ತಲಲ್ಲಿದೆ, ಕೋಳಿಗಳು ಕಾವು ಕೂರುತ್ತವೆ. ಹೊರಡುವಾಗ ಅತ್ತೆ ಅದರೊಳಕ್ಕೆ ಕೈ ಹಾಕಿ ನಾಲ್ಕು ನಾಟಿ ಮೊಟ್ಟೆ ತೆಗೆದು, ಪೇಪರಲ್ಲಿ ಸುತ್ತಿಕೊಟ್ಟರು. ಬೆಂಗಳೂರಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದೆ.