ಆ ಕೂಸು ಹೈದರಾಬಾದಿಂದ ಬಂತಾ?

ಕುಮಟಾದಲ್ಲಿ ವಕೀಲಿ ಮಾಡುವ ಭಾವನ ಮನೆಗೆ ಹೋಗಿದ್ದಾಗ ಚೀಲದಲ್ಲಿದ್ದ ‘ಘಾಚರ್ ಘೋಚರ್’ ಪುಸ್ತಕವನ್ನು ಸುಮ್ಮನಿರಲಾರದೆ ಅವರ ಕೈಗೆ ಕೊಟ್ಟೆ. ಅಲ್ಲಿಂದ ಅದು ಹೊನ್ನಾವರದ ಅತ್ತೆಯ ಮನೆಗೆ ಹೋಯಿತು. ಅತ್ತೆಯ ಮನೆಯಿಂದ ಭಟ್ಕಳದ ನನ್ನ ಗೆಳೆಯನ ಬಟ್ಟೆ ಅಂಗಡಿಗೆ ನಾನೇ ಮುಟ್ಟಿಸಿದೆ. ಸುಮಾರು 60 ಕಿಲೋಮೀಟರಿನ ಈ ಹಾದಿಗೆ ಪುಸ್ತಕ ತೆಗೆದುಕೊಂಡ ಸಮಯ ಒಂದು ವರ್ಷ. ಹೆದ್ದಾರಿ ಅಗಲ ಮಾಡುವವರೂ ಇಷ್ಟು ನಿಧಾನವಿರಲಿಕ್ಕಿಲ್ಲ ಎನ್ನೋಣವೆಂದರೆ, ಆ ಮಾತನ್ನು ನಮ್ಮ ಕರಾವಳಿಯವರು ಯಾರೂ ಒಪ್ಪುವುದಿಲ್ಲ.

ವಿವೇಕ ಶಾನಭಾಗರ ಈ ಕಿರುಕಾದಂಬರಿ ಬಂದದ್ದು 2013ರಲ್ಲಿ. ಶ್ರೀನಾಥ್ ಪೆರೂರ್ ಅದನ್ನು ಇಂಗ್ಲಿಷಿಗೆ ಮಾಡಿದ ಮೇಲೆ ಅಮೆರಿಕದಲ್ಲೂ ಓದುಗರು ತಲೆ ಕೆರೆದುಕೊಂಡರು. ಇನ್ನೂ ಓದದವರು ಈ ಪುಟ ಮಡಚಿಟ್ಟು ಮೊದಲು ಪುಸ್ತಕ ಓದುವುದು ಒಳ್ಳೆಯದು, ಯಾಕೆಂದರೆ ಗುಟ್ಟು ಒಡೆಯದೆ ಮುಂದೆ ಬರೆಯಲು ನನಗೆ ಬರುವುದಿಲ್ಲ. ಬೆಂಗಳೂರಿನ ಒಂದು ಮಧ್ಯಮ ವರ್ಗದ ಮನೆ. ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರದಿಂದ ಮನೆಗೆ ದಿಢೀರನೆ ದುಡ್ಡು ಬರುತ್ತದೆ. ಆ ಮನೆಗೆ ಅನಿತಾ ಸೊಸೆಯಾಗಿ ಬರುತ್ತಾಳೆ. ಆಕೆಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಹೈದರಾಬಾದಿನ ತವರಿಗೆ ಹೋದವಳ ಸುದ್ದಿಯಿಲ್ಲ. ಗಂಡ ಕಾಫಿ ಹೌಸಿನಲ್ಲಿ ಕೂತು ಕತೆ ಹೇಳುತ್ತಾನೆ. ಕೊನೆಗೆ ಒಂದು ಲೋಟ ಒಡೆಯುತ್ತದೆ, ಕೈಗೆ ರಕ್ತವಾಗುತ್ತದೆ. ಕೊಲೆ ಎಂಬ ಶಬ್ದಕ್ಕೆ ಅನಿತಾಳ ಹೆಸರನ್ನು ಲೇಖಕರು ಎಲ್ಲೂ ಗಂಟು ಹಾಕುವುದಿಲ್ಲ. ಗಂಟು ಹಾಕುವ ಕೆಲಸ ನಮ್ಮದು.

ಭಾವ ಗಂಟು ಹಾಕಲು ಒಪ್ಪಲಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಹೆಣ?’ ಎಂದು ಬರೆದಿದ್ದರು. ಅಳ್ವೆಕೋಡಿಯಲ್ಲಿ ಕೊಂಡ ಈರುಳ್ಳಿ ಜಡೆಯನ್ನು ಅಡುಗೆಮನೆ ಜಂತಿಗೆ ನೇತುಹಾಕುತ್ತ, “ಹೆಣ ಎಲ್ಲಿದ್ದು ಮಾರಾಯಾ?” ಎಂದು ಕೇಳಿದರು. ಹೆಣ ಸಿಗದಿದ್ದರೂ ಕೊಲೆ ಸಾಬೀತಾಗುತ್ತದಲ್ಲ ಎಂದೆ. ಆಗುತ್ತದಂತೆ, ಆದರೆ ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದಂತೆ. ಇಲ್ಲಿರುವುದು ಚಹಾ ಕುಡಿಯುತ್ತ ಕೊಲೆಗಳ ವಿಷಯ ಮಾತಾಡುವ ಒಂದು ಕುಟುಂಬ, ಅಷ್ಟೇ. ಹಾಗೆ ಮಾತಾಡಿದವರನ್ನೆಲ್ಲ ಹಿಡಿದು ಹಾಕಿದರೆ ಕುಮಟಾದಲ್ಲಿ ಒಂದು ಜಗಲಿಯೂ ಖಾಲಿಯಾಗದೆ ಉಳಿಯಲಿಕ್ಕಿಲ್ಲ. ಆಮೇಲೆ ಏನು ಹೊಳೆಯಿತೋ, ಕನ್ನಡಕ ಹಣೆಗೇರಿಸಿ, ಹಳೆಯ ಸಾಕ್ಷ್ಯ ಕಾಯಿದೆಯ 108ನೇ ಕಲಂ ಹೇಳಿದರು: ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತಂತೆ ಭಾವಿಸಬಹುದು. “ಪುಸ್ತಕ ಬಂದದ್ದು 2013. ಅಂದರೆ 2020ಕ್ಕೇ ಅವಧಿ ಮುಗೀತು!” ಅನಿತಾ ಸತ್ತಳೆಂದು ಒಪ್ಪಿದರು, ಕೊಂದರೆಂದು ಮಾತ್ರ ಒಪ್ಪಲಿಲ್ಲ. ಅಷ್ಟಕ್ಕೇ ಬಿಡದೆ, ರಹಸ್ಯದ ಕಾದಂಬರಿ ಬೇಕಾದರೆ ನಮ್ಮ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರದ್ದು ಓದು, 1979ರ ‘ಶಿಕಾರಿ’ಯಲ್ಲಿ ನಾಗಪ್ಪನನ್ನು ಬೇಟೆಯಾಡುವವರು ಯಾರು ಎಂಬುದಕ್ಕಾದರೂ ಫೈಲು ತೆರೆಯಬಹುದು ಎಂದು ಊರಿನ ಅಭಿಮಾನವನ್ನೂ ಮೆರೆಸಿದರು.

ಹೊನ್ನಾವರದ ಅತ್ತೆಯದು ಬೇರೆಯೇ ತಕರಾರು. ನಾನು ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡಲಿಲ್ಲ. “ಕಡೀಗೆ ಎಂತಾತು ಹೇಳಿ ಬರದ್ದೇ ಇಲ್ಯಲಾ ತಮಾ! ಕಡೇ ಪುಟ ಎಲ್ಲಾರೂ ಹರದು ಹೋಯ್ದಾ ನೋಡು.” ಅತ್ತೆ ಹುಡುಗಿಯಾಗಿದ್ದಾಗ ಬಾಡಿಗೆಗೆ ಸಿಗುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿಗಳನ್ನು ಅಟ್ಟದ ಮೇಲೆ ಕೂತು ಓದಿದವರು. ನಾಲ್ಕನೇ ಇಯತ್ತೆ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮಹಾನುಭಾವರ ಪತ್ತೇದಾರ ಪುರುಷೋತ್ತಮ ಕೊನೆಯಲ್ಲಿ ಎಲ್ಲರನ್ನೂ ಒಟ್ಟು ಹಾಕಿ ಯಾರು, ಹೇಗೆ, ಯಾಕೆ ಎಂದು ಬಿಡಿಸಿ ಹೇಳದೆ ಹೋದವನಲ್ಲ. ಹಳದಿ ಕೆಂಪಿನ ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಆ ಕಾಲದವರು ಓದುಗರಿಗೆ ಬಾಕಿ ಉಳಿಸುತ್ತಿರಲಿಲ್ಲ.

ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಅಡ್ಡ ಹಿಡಿದೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ತನಿಖೆಗೆ ಅಂಗಾಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ, ಅಲ್ಲೂ ಪುರುಷೋತ್ತಮನ ಹಾಗೆ ಲೆಕ್ಕ ಚುಕ್ತಾ ಆಗುವುದಿಲ್ಲ, ಆದರೂ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂದೆ. “ಅದ್ರಲ್ಲಿ ಬೆಂಕಿಯಾದ್ರೂ ಬಿದ್ದಿತ್ತು” ಎಂದರು ಅತ್ತೆ. ನಾನು ಸೋತೆ.

ನನಗೆ ಆಶ್ಚರ್ಯವಾದದ್ದು ಇಷ್ಟೇ. ಗುಣವಂತೆಯಲ್ಲಿ 1934ರಿಂದ ಕೆರೆಮನೆ ಯಕ್ಷಗಾನ ಮೇಳವಿರುವ ತಾಲೂಕು ಹೊನ್ನಾವರ. ಅತ್ತೆ ಚಿಟ್ಟಾಣಿಯವರ ಕೀಚಕನನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಕೀಚಕನನ್ನು ಕೊಂದವನು ಭೀಮ ಎಂದು ಅಲ್ಲಿ ಮಗುವಿಗೂ ಗೊತ್ತು. ಗೊತ್ತಿಲ್ಲದಿರುವುದು ವಿರಾಟನ ಮನೆಯವರಿಗೆ ಮಾತ್ರ, ಪಾಪ, ಅವರು ಗಂಧರ್ವರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕೊಲೆಗಾರ ಗೊತ್ತಿದ್ದೂ ಬೆಳಗಿನ ತನಕ ನಿದ್ದೆಗೆಟ್ಟು ಕೂರುವ ಅತ್ತೆಗೆ ಇಲ್ಲಿ ಮಾತ್ರ ಯಾಕೆ ಈ ಹಟ? ಕೇಳಿಯೇ ಬಿಟ್ಟೆ. “ಯಾರು ಕೊಂದ ಹೇಳಿ ಗೊತ್ತಿದ್ರೆ ನಿಶ್ಚಿಂತೆಯಿಂದ ಕುಣಿತ ನೋಡ್ಲಕ್ಕು” ಎಂದರು. ರಸಶಾಸ್ತ್ರ ಓದಿದವರಿಂದ ಇಷ್ಟು ಚುಟುಕಾದ ಉತ್ತರ ನನಗೆ ಸಿಕ್ಕಿಲ್ಲ.

ಭಟ್ಕಳದ ಗೆಳೆಯನಿಗೆ ಕೊಲೆಯ ಗೊಡವೆಯೇ ಇರಲಿಲ್ಲ. ಗಲ್ಲೆಯ ಪಕ್ಕದಲ್ಲಿ ಪುಸ್ತಕವಿಟ್ಟುಕೊಂಡು, ಗಿರಾಕಿ ಬಂದಾಗ ಅಂಗಡಿಯ ಬಿಲ್ಲು ಸಿಕ್ಕಿಸಿ ಏಳುತ್ತಿದ್ದನಂತೆ. ಅವನು ಹಿಡಿದುಕೊಂಡದ್ದು ಚಿಕ್ಕಪ್ಪನನ್ನು. ದುಡಿಯುವವನಿಗೆ ಮೊದಲ ಬಡಿಸುವಿಕೆ, ಅವನ ಮುಖ ನೋಡಿ ಮನೆಯವರ ಮಾತು. “ಅಣ್ಣ ದುಬೈಯಿಂದ ರಜೆಗೆ ಬಂದ್ರೆ ನಮ್ಮಲ್ಲೂ ಟೀವಿ ಸಣ್ಣಗಾಗ್ತದೆ” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಬೇಳೆ ಸಾರು ಹಿಡಿದುಕೊಂಡು ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರಲ್ಲ, ಅದನ್ನು ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ ಎಂದ. ಕೊನೆಯ ಪುಟ ಏನಾಯಿತೆಂದು ಕೇಳಿದರೆ, “ಅಲ್ಲಿಗೆ ಇನ್ನೂ ಹೋಗಿಲ್ಲ, ಆ ಬೇಳೆ ಸಾರಿನ ಪುಟಕ್ಕೇ ಮತ್ತೆ ಮತ್ತೆ ಹೋಗ್ತಿದ್ದೇನೆ” ಎಂದ. ಮೂವರಲ್ಲಿ ಪುಸ್ತಕವನ್ನು ಸರಿಯಾಗಿ ಓದುತ್ತಿರುವವನು ಇವನೊಬ್ಬನೇ ಎಂದು ನನಗೆ ಗುಮಾನಿ.

ನನ್ನದೇನು ಎಂದು ಕೇಳುತ್ತೀರಿ. ಮೊದಲ ಓದಿನಲ್ಲಿ ಅನಿತಾ ಬದುಕಿದ್ದಳು. ರಕ್ತ ಒಡೆದ ಲೋಟದ್ದು, ಅವಳು ಸಿಟ್ಟಿನಿಂದ ತವರಿನಲ್ಲಿದ್ದಾಳೆ ಎಂದು ನಂಬಿ ಹಾಯಾಗಿ ಮಲಗಿದ್ದೆ. ಎರಡನೇ ಓದಿನಲ್ಲಿ ಇರುವೆಗಳು ಸಿಕ್ಕವು. ಹಳೆಯ ಬಾಡಿಗೆ ಮನೆಯಲ್ಲಿ ಆ ಕುಟುಂಬ ಇರುವೆಗಳ ಮೇಲೆ ಯುದ್ಧ ಹೂಡುವ ಪುಟಗಳನ್ನು ಮೊದಲ ಸಲ ತಮಾಷೆಯೆಂದು ದಾಟಿಸಿದ್ದೆ. ಅದಾದ ಮರುದಿನವೇ ನಮ್ಮ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಗೆ ಕಟ್ಟಿರುವೆ ಮುತ್ತಿತು. ಮೊಣಕಾಲೂರಿ ಕೂತು ಡಬ್ಬಿಯ ಸುತ್ತ ಲಕ್ಷ್ಮಣ ರೇಖೆ ಚಾಕ್ ಎಳೆದೆ. ಗೆರೆಯೊಳಗೆ ಸಿಕ್ಕಿಬಿದ್ದವು ಅತ್ತಿಂದಿತ್ತ ಓಡುವುದನ್ನು ಹತ್ತು ನಿಮಿಷ ನೋಡಿದೆ. ಒಂದು ತಪ್ಪಿಸಿಕೊಂಡಿತು, ಬೆರಳಿಂದ ಒರೆಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, “ಎಂತ ಅಷ್ಟು ಖುಷಿ?” ಎಂದಳು. ಉತ್ತರ ಕೊಡದೆ ಎದ್ದು ಕೈ ತೊಳೆಯಲು ಹೋದೆ.

ಅಂದಿನಿಂದ ನನ್ನ ತೀರ್ಪು ಬದಲಾಗಿದೆ. ಅನಿತಾ ಇಲ್ಲ. ಭಾವನಿಗೆ ಇದನ್ನು ಹೇಳಿಲ್ಲ, ಇರುವೆ ಸಾಕ್ಷಿಯಾಗುವುದಿಲ್ಲ ಎನ್ನುತ್ತಾರೆ. ಅತ್ತೆಗೂ ಹೇಳಿಲ್ಲ. ಕಳೆದ ವಾರ ಅವರ ಫೋನು ಬಂದಿತ್ತು. ಅಡಿಕೆ ದರ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ತಟ್ಟನೆ, “ಆ ಕೂಸು ಹೈದರಾಬಾದಿಂದ ಬಂತಾ?” ಎಂದರು. ಇನ್ನೂ ಇಲ್ಲ ಅತ್ತೆ, ಪುಸ್ತಕ ಭಟ್ಕಳದಲ್ಲೇ ಇದೆ ಎಂದೆ.